ಮಕ್ಕಳ ಹಾಕಿ ಹಿಟ್: ತಿದ್ದಬೇಕಾದ್ದು ತೋಳನ್ನಲ್ಲ, ಎಡಗಾಲನ್ನು

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಒಕ್ಕಗಳ, ಅಂದರೆ ಕೊಡವ ಮನೆತನಗಳ, ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್‌ನಿಂದ ಶುರುವಾದ ಈ ಕೌಟುಂಬಿಕ ಹಾಕಿಯನ್ನು ನೋಡಿ ಬಂದ ಮಕ್ಕಳು ಮರುದಿನವೇ ಅಂಗಳದಲ್ಲಿ ಸ್ಟಿಕ್ ಬೀಸತೊಡಗುತ್ತಾರೆ. ಬೀಸುವುದೆಲ್ಲ ತೋಳಿನಿಂದ. ಚೆಂಡು ಒಮ್ಮೆ ಹಾರುತ್ತದೆ, ಒಮ್ಮೆ ಬಲಕ್ಕೆ ಜಾರುತ್ತದೆ. ದೊಡ್ಡವರು ಬದಿಯಲ್ಲಿ ನಿಂತು "ಇನ್ನೂ ಜೋರಾಗಿ" ಎನ್ನುತ್ತಾರೆ. ಆದರೆ ಬೇಕಾದ್ದು ಜೋರಲ್ಲ. ಎಡಗಾಲು ಎಲ್ಲಿ ಊರಿತು ಎಂದು ನೋಡಿ.

ಮೊದಲು ಸ್ಟಿಕ್. ನೆಲಕ್ಕೆ ಊರಿ ನಿಲ್ಲಿಸಿದರೆ ಅದರ ತುದಿ ಮಗುವಿನ ಸೊಂಟದ ಎಲುಬಿನ ಹತ್ತಿರ ಬರಬೇಕು. ಅಣ್ಣನ ಹಳೆಯ 36.5 ಇಂಚಿನ ಸ್ಟಿಕ್ ಕೊಟ್ಟರೆ ಮಗು ಕೈಯನ್ನು ಕೆಳಕ್ಕೆ ಜಾರಿಸುತ್ತದೆ, ಸ್ಟಿಕ್ಕಿನ ತುದಿ ಹೊಟ್ಟೆಗೆ ತಾಗುತ್ತದೆ, ಬೀಸು ಅರ್ಧಕ್ಕೇ ನಿಲ್ಲುತ್ತದೆ. "ಬೆಳೆದ ಮೇಲೂ ಬರಲಿ" ಎಂದು ಉದ್ದದ ಸ್ಟಿಕ್ ತರಬೇಡಿ. ಪಂದ್ಯದ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ತೀರ ಚಿಕ್ಕವರಿಗೆ ಮೊದಲ ಕೆಲವು ವಾರ ಟೆನಿಸ್ ಚೆಂಡೇ ಸಾಕು.

ಹಿಡಿತದಲ್ಲಿ ಎಡಗೈ ಮೇಲೆ, ಬಲಗೈ ಅದಕ್ಕೆ ಅಂಟಿಕೊಂಡು ಕೆಳಗೆ. ಎರಡರ ನಡುವೆ ಬೆರಳು ತೂರುವಷ್ಟೂ ಜಾಗ ಬೇಡ. ಡ್ರಿಬಲ್ ಮಾಡುವಾಗ (ಚೆಂಡನ್ನು ಸ್ಟಿಕ್ಕಿನಿಂದ ತಟ್ಟುತ್ತ ಓಡುವಾಗ) ಬಲಗೈ ಇನ್ನೂ ಕೆಳಗಿರುವುದರಿಂದ ಹಿಟ್‌ಗೆ ಮುಂಚೆ ಅದನ್ನು ಮೇಲಕ್ಕೆ ಜಾರಿಸಲು ಮಕ್ಕಳು ಮರೆಯುತ್ತಾರೆ. ಚೆಂಡಿಲ್ಲದೆ ಬರೀ ಈ ಜಾರಿಸುವಿಕೆಯನ್ನೇ ದಿನಕ್ಕೆ 20 ಸಲ ಮಾಡಿಸಿ. ಎಡಗೈ ಮಕ್ಕಳಿಗೂ ಇದೇ ಹಿಡಿತ: ಸ್ಟಿಕ್ಕಿನ ಚಪ್ಪಟೆ ಮುಖ ಎಡಬದಿಗೆ ಮಾತ್ರ, ಎಡಗೈಯವರಿಗೆಂದು ಬೇರೆ ಸ್ಟಿಕ್ಕಿಗೆ ನಿಯಮದಲ್ಲಿ ಜಾಗವಿಲ್ಲ.

ಈಗ ಕಾಲು. ಎಡ ಭುಜ ಗುರಿಯತ್ತ, ಮೊಣಕಾಲು ಬಾಗಿರಲಿ. ಕೈ ಚಾಚಿ ಸ್ಟಿಕ್ಕನ್ನು ಚೆಂಡಿನ ಹಿಂದೆ ಇಡಿಸಿ: ಚೆಂಡು ಎಡಗಾಲಿನ ನೇರಕ್ಕೆ, ಸ್ಟಿಕ್ಕಿನ ತಲೆಯ (ಕೆಳಗಿನ ಬಾಗಿದ ಭಾಗದ) ನಡುವಿಗೆ ಬರಬೇಕು. ಅಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದು, ಎಡಗಾಲನ್ನು ಅದೇ ಜಾಗಕ್ಕೆ ಊರಿ ಹೊಡೆಯಲಿ. ಕಾಲು ಊರಿದ ಮೇಲೆ ಸ್ಟಿಕ್ ಇಳಿಯಬೇಕು, ಮುಂಚೆ ಅಲ್ಲ. ನೆಲದ ಮೇಲೆ ಸುಣ್ಣದಲ್ಲಿ ಪಾದದ ಗುರುತು ಹಾಕಿಟ್ಟರೆ ಮಗು ತಾನೇ ತನ್ನ ತಪ್ಪು ಕಾಣುತ್ತದೆ.

ಸ್ಟಿಕ್ ಹಿಂದಕ್ಕೆ ಸೊಂಟದ ಎತ್ತರಕ್ಕೆ ಹೋದರೆ ಆರಂಭಕ್ಕೆ ಸಾಕು. ಇಳಿಯುವಾಗ ಭಾರ ಬಲಗಾಲಿನಿಂದ ಎಡಗಾಲಿಗೆ ಬರಲಿ, ಮಗುವಿನ ತಲೆ ಚೆಂಡಿನ ಮೇಲೇ ಇರಲಿ, ಹೊಡೆದ ಮೇಲೂ ಸ್ಟಿಕ್ ಗುರಿಯತ್ತ ತಗ್ಗಾಗಿ ಸಾಗಲಿ.

ಚೆಂಡು ಹೋದ ದಾರಿಯೇ ತಪ್ಪನ್ನು ಹೇಳುತ್ತದೆ. ಹಾರಿ ಎಡಕ್ಕೆ ತಿರುಗಿದರೆ ಅದು ಎಡಗಾಲಿಗಿಂತ ತುಂಬ ಮುಂದಿತ್ತು. ಸ್ಟಿಕ್ ಮೇಲಕ್ಕೇಳುವಾಗ ತಾಗಿದೆ. ಬಲಕ್ಕೆ ಜಾರಿ, ಕೈಗೆ ಝುಂ ಎಂದು ಪೆಟ್ಟು ಬಂದರೆ ಚೆಂಡು ಹಿಂದಿತ್ತು, ಸ್ಟಿಕ್ ಇನ್ನೂ ಕೆಳಗಿಳಿಯುವಾಗಲೇ ತಾಗಿದೆ. ಚೆಂಡು ಹೊರಳಿ ನಿಧಾನವಾಗಿ ಹೋದರೆ ಮಗುವಿನ ತಲೆ ಬೇಗ ಮೇಲೆದ್ದಿದೆ. ಚೆಂಡಿಗೆ ಚಾಕ್‌ಪೀಸ್ ಉಜ್ಜಿಟ್ಟರೆ ಸ್ಟಿಕ್ಕಿನ ಮೇಲೆ ಬಿದ್ದ ಗುರುತಿನಿಂದಲೂ ಗೊತ್ತಾಗುತ್ತದೆ: ತಲೆಯ ತುದಿಯಲ್ಲಿ ಬಿದ್ದರೆ ಮಗು ದೂರ ನಿಂತಿದೆ, ಹಿಡಿಯ ಕಡೆ ಬಿದ್ದರೆ ತುಂಬ ಹತ್ತಿರ. ಹಾರುವ ಚೆಂಡನ್ನು ಮೊದಲು ತಿದ್ದಿ. ಗೋಲಿಗೆ ಹೊಡೆಯುವಾಗ ಬಿಟ್ಟರೆ ಹಿಟ್‌ನಲ್ಲಿ ಬೇಕೆಂದೇ ಚೆಂಡೆತ್ತುವುದು ಫೌಲ್, ಎದುರಿನ ಮಗುವಿನ ಮುಖಕ್ಕೂ ಅಪಾಯ.

ಅಭ್ಯಾಸಕ್ಕೆ ಎರಡು ಕಲ್ಲುಗಳನ್ನು ಒಂದು ಮೀಟರ್ ಅಂತರದಲ್ಲಿಟ್ಟು 5 ಮೀಟರ್ ದೂರದಿಂದ ಹೊಡೆಸಿ. ಹತ್ತಕ್ಕೆ ಎಂಟು ಒಳಗೆ ಹೋದರೆ 8 ಮೀಟರ್‌ಗೆ ಹಿಂದೆ ಸರಿಸಿ, ಆಮೇಲೆ ಎರಡು ಹೆಜ್ಜೆ ಓಡಿ ಹೊಡೆಯಲಿ. 12 ವರ್ಷದ ಒಳಗಿನವರಿಗೆ ದಿನಕ್ಕೆ 40 ಹಿಟ್ ಸಾಕು. ದಣಿದ ಮಗುವಿನ ಕಾಲು ಊರುವುದು ತಪ್ಪುತ್ತದೆ, ಆ ತಪ್ಪೇ ಅಭ್ಯಾಸವಾಗುತ್ತದೆ. ಸ್ಟಿಕ್ ಬೀಸುವವರ ಸುತ್ತ ಮೂರು ಮೀಟರ್ ಯಾರೂ ನಿಲ್ಲಬಾರದು. ಶಿನ್ ಪ್ಯಾಡ್, ಮೌತ್‌ಗಾರ್ಡ್ ಹಾಕದೆ ಚೆಂಡು ಹೊಡೆಸಬೇಡಿ.

ಕಾಫಿ ಒಣಗಿಸಿ ಖಾಲಿಯಾದ ಸಿಮೆಂಟ್ ಕಣ ಒಳ್ಳೆಯ ಜಾಗ, ಚೆಂಡು ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಮೈದಾನದಲ್ಲಿ) ಓಡಿದಂತೆ ಓಡುತ್ತದೆ. ಆದರೆ ಅಲ್ಲಿ ಪುಷ್ (ಬೀಸದೆ ಚೆಂಡನ್ನು ತಳ್ಳುವುದು) ಮತ್ತು ಸ್ಲ್ಯಾಪ್ (ಕೈಗಳನ್ನು ಅಗಲಿಸಿ ಹಿಡಿದು ತಗ್ಗಾಗಿ ಬೀಸುವುದು) ಮಾತ್ರ ಮಾಡಿಸಿ. ಪೂರ್ಣ ಹಿಟ್ ಮಣಿಕಟ್ಟಿಗೆ ಹೊಡೆತ, ಸ್ಟಿಕ್ಕಿನ ತಲೆಯೂ ಸವೆಯುತ್ತದೆ. ಹುಲ್ಲಿನ ಮೈದಾನದಲ್ಲಿ ಚೆಂಡು ಹುಲ್ಲಿನೊಳಗೆ ಕೂರುವುದರಿಂದ ಮಕ್ಕಳು ಅದನ್ನು ಅಗೆದು ಎತ್ತಲು ನೋಡುತ್ತಾರೆ. ಆಗ ಮೊಣಕಾಲು ಇನ್ನಷ್ಟು ಬಾಗಿಸಲು ಹೇಳಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಜೀಪಿನ ಹಳೆಯ ಟೈರನ್ನು ಶೆಡ್ಡಿನಲ್ಲಿ ಅಡ್ಡ ಮಲಗಿಸಿ, ಚೆಂಡಿಲ್ಲದೆ ಸ್ಟಿಕ್ಕಿನಿಂದಲೇ ಅದರ ಬದಿಗೆ ಮೆಲ್ಲನೆ 20 ಸಲ ಹೊಡೆಸಿ. ಪ್ರತಿ ಸಲವೂ ಎಡಗಾಲು ಸರಿಯಾಗಿ ಊರಿತೇ ಎಂದು ನೋಡಿ.