ಚಮಚದಿಂದ ಸುರಿಯದಷ್ಟು ಗಟ್ಟಿ: ಆರು ತಿಂಗಳ ಕೂಸಿಗೆ ಊಟ ಶುರು ಮಾಡುವುದು

ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಆರು ತಿಂಗಳವರೆಗೆ ನಮ್ಮೂರ ಕೂಸುಗಳ ತೂಕದ ಗೆರೆ ತಾಯಿ ಕಾರ್ಡಿನ (ತೂಕ, ಲಸಿಕೆ ಬರೆದಿಡುವ ತಾಯಿ-ಮಗುವಿನ ಕಾರ್ಡು) ಹಸಿರು ಪಟ್ಟಿಯಲ್ಲಿ ಚೆನ್ನಾಗಿಯೇ ಏರುತ್ತಿರುತ್ತದೆ. ಏಳು, ಎಂಟು, ಒಂಬತ್ತನೇ ತಿಂಗಳಿಗೆ ಬಂದರೆ ಗೆರೆ ಅಡ್ಡಡ್ಡ ಹೋಗುತ್ತದೆ. ಇದಕ್ಕೆ ಬಡತನವೊಂದೇ ಕಾರಣ ಅನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಜೋಳ, ಹೆಸರು, ಶೇಂಗಾ ಮನೆಯಲ್ಲಿ ತುಂಬಿಟ್ಟವರ ಕೂಸೂ ಸೊರಗುವುದನ್ನು ನೋಡುತ್ತಲೇ ಇದ್ದೇನೆ. ಆ ಕೂಸಿನ ಬಾಯಿಗೆ ಹೋಗುತ್ತಿರುವುದು ಬೇಳೆಯ ಮೇಲಿನ ತಿಳಿ, ಅನ್ನ ಬಸಿದ ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕೀಟು.

ಲೆಕ್ಕ ಸರಳ. ಏಳು ಕೆ.ಜಿ. ತೂಕದ ಕೂಸಿನ ಹೊಟ್ಟೆ ಒಂದು ಸಲಕ್ಕೆ ಸುಮಾರು 200 ಮಿ.ಲೀ. ಹಿಡಿಯುತ್ತದೆ. ಅಷ್ಟನ್ನೂ ತಿಳಿಸಾರು ತುಂಬಿಕೊಂಡರೆ ಹೊಟ್ಟೆ ತುಂಬಿತು, ಕೂಸು ಮಲಗಿತು, ಮೈಗೆ ಮಾತ್ರ ಏನೂ ಹತ್ತಲಿಲ್ಲ. ಆರರಿಂದ ಎಂಟು ತಿಂಗಳ ಕೂಸಿಗೆ ಎದೆಹಾಲಿನ ಜೊತೆ ದಿನಕ್ಕೆ ಇನ್ನೂ ಸುಮಾರು 200 ಕ್ಯಾಲೊರಿ ಬೇಕು, ಒಂಬತ್ತರಿಂದ ಹನ್ನೊಂದು ತಿಂಗಳಿಗೆ 300, ವರ್ಷ ದಾಟಿದ ಮೇಲೆ 550. ತೆಳು ಗಂಜಿಯಲ್ಲಿ ಇದು ಸಿಗುವ ಮಾತಲ್ಲ. ಅದಕ್ಕೇ ನಾನು ಪ್ರತಿ ಮನೆಯಲ್ಲೂ ಮೊದಲು ಹೇಳುವುದು ಇದನ್ನೇ: ಚಮಚದಲ್ಲಿ ತೆಗೆದು ಓರೆ ಮಾಡಿದರೆ ಊಟ ಸುರಿಯಬಾರದು, ಅಂಟಿಕೊಂಡು ನಿಧಾನಕ್ಕೆ ಬೀಳಬೇಕು.

ಶುರು ಮಾಡುವುದು 180 ದಿನ ತುಂಬಿದ ಮೇಲೆ. ಅದಕ್ಕೆ ಮುಂಚೆ ನೀರೂ ಬೇಡ, ಜೇನೂ ಬೇಡ, ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ನೀರು ಸಾಕಷ್ಟಿದೆ. ಕುತ್ತಿಗೆ ನಿಂತಿರಬೇಕು, ಆನಿಸಿ ಕೂರಿಸಿದರೆ ಕೂರಬೇಕು, ಚಮಚ ಬಾಯಿಗಿಟ್ಟರೆ ನಾಲಗೆಯಿಂದ ಹೊರಗೆ ತಳ್ಳುವುದು ಕಡಿಮೆಯಾಗಿರಬೇಕು. ಹಲ್ಲಿಗಾಗಿ ಕಾಯುವುದು ಬೇಡ. ನಮ್ಮಲ್ಲಿ ಅತ್ತೆಯರು ಕೇಳುತ್ತಾರೆ: "ಹಲ್ಲ ಇಲ್ದ ಹ್ಯಾಂಗ ತಿಂತೈತ್ರಿ ಟೀಚರ? ನಾವು ವರ್ಷಗಟ್ಟಲೆ ಬರೇ ಮೊಲಿಹಾಲ ಕುಡಿಸೀವಿ." ನಾನು ಅವರ ಕೈಯನ್ನೇ ಹಿಡಿದು, ತೊಳೆಸಿ, ಕೂಸಿನ ಒಸಡಿನ ಮೇಲೆ ಬೆರಳಿಡಿಸುತ್ತೇನೆ. ಕೂಸು ಕಚ್ಚುತ್ತದೆ ನೋಡಿ, ಅಜ್ಜಿಯ ಮುಖದಲ್ಲಿ ನಗು ಬರುತ್ತದೆ. ಮೆತ್ತಗಿನದನ್ನು ಒಸಡೇ ಅರೆಯುತ್ತದೆ.

ತಡ ಮಾಡಿದರೆ ಆಗುವ ಕೇಡು ಕಬ್ಬಿಣಾಂಶದ್ದು. ತಾಯಿಯ ಹೊಟ್ಟೆಯಲ್ಲಿದ್ದಾಗ ಕೂಸು ಕೂಡಿಟ್ಟುಕೊಂಡ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಕರಗುತ್ತದೆ, ಎದೆಹಾಲಿನಲ್ಲಿ ಅದು ಬಹಳ ಕಡಿಮೆ. ಆದ್ದರಿಂದ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ ಅನ್ನು ಆರು ತಿಂಗಳಿಂದ ವಾರಕ್ಕೆ ಎರಡು ಸಲ, ಒಂದೊಂದು ಮಿ.ಲೀ. ಹಾಕಿ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ.

ಈಗ ಅಡುಗೆ. ನಮ್ಮ ಒಣಭೂಮಿ ಊರುಗಳಲ್ಲಿ ನನ್ನ ಮೊದಲ ಆಯ್ಕೆ ಜೋಳದ ನುಚ್ಚು ಮತ್ತು ಹೆಸರುಬೇಳೆ. ಗಂಗಾವತಿ, ಕಾರಟಗಿ, ಸಿಂಧನೂರಿನಂಥ ಕಾಲುವೆ ಕಡೆಯವರು ನುಚ್ಚಿನ ಬದಲು ಸೋನಾ ಮಸೂರಿ ಅಕ್ಕಿ ಹಾಕಿಕೊಳ್ಳಲಿ. ಎರಡು ಚಮಚ ನುಚ್ಚಿಗೆ ಒಂದು ಚಮಚ ಬೇಳೆ. ಎರಡನ್ನೂ ಘಮ್ಮೆನ್ನುವಷ್ಟು ಹುರಿಯಿರಿ, ತೊಳೆದು ಅರ್ಧ ತಾಸು ನೆನೆಸಿ. ನೀರು ಧಾರಾಳ ಹಾಕಿ, ಸಣ್ಣ ಡಬ್ಬಿಯಲ್ಲಿಟ್ಟು ಮನೆಯವರ ಬೇಳೆಯ ಜೊತೆಗೇ ಕುಕ್ಕರಿನಲ್ಲಿ ಕೂಗಿಸಿ. ಬೇರೆ ಒಲೆ, ಬೇರೆ ಗ್ಯಾಸ್ ಬೇಡ. ನುಚ್ಚು ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಕರಗಬೇಕು. ನಡುವೆ ಗಟ್ಟಿ ಕಾಳು ಸಿಕ್ಕರೆ ಇನ್ನೆರಡು ಸೀಟಿ. ಆಮೇಲೆ ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ಚೆನ್ನಾಗಿ ನುರಿಯಿರಿ. ಮಿಕ್ಸಿಗೆ ಹಾಕಿ ನೀರು ಮಾಡಬೇಡಿ. ಅರ್ಧ ಚಮಚ ತುಪ್ಪ, ಇಲ್ಲದಿದ್ದರೆ ಶೇಂಗಾ ಎಣ್ಣೆ ಕಲಸಿ. ತುಪ್ಪ ಅರಗುವುದಿಲ್ಲ ಅನ್ನುವ ಮಾತನ್ನು ಕೇಳಬೇಡಿ. ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ತುಂಬುವ ದಾರಿ ಅದೇ. ಉಪ್ಪು, ಸಕ್ಕರೆ, ಬೆಲ್ಲ ವರ್ಷ ತುಂಬುವವರೆಗೆ ಬೇಕಿಲ್ಲ. ಜೇನುತುಪ್ಪವಂತೂ ಒಂದು ಹನಿಯೂ ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ವರ್ಷದೊಳಗಿನ ಕೂಸಿನ ಕರುಳಲ್ಲಿ ಬೆಳೆದು ನರಗಳನ್ನೇ ಸಡಿಲ ಮಾಡುವ ವಿಷ ಬಿಡುತ್ತದೆ.

ನೀರಿನ ವಿಷಯಕ್ಕೆ ಇಲ್ಲಿ ನಿಲ್ಲಲೇಬೇಕು. ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಊರುಗಳ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚು. ಹಿರಿಯರ ಹಲ್ಲಿನ ಮೇಲಿನ ಹಳದಿ, ಕಂದು ಗೆರೆ ಅದರದ್ದೇ. ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು ಎಂದು ನಿಯಮವಿದೆ. ಕುದಿಸಿದರೆ ಎಲ್ಲ ಶುದ್ಧ ಎಂದು ತಾಯಂದಿರು ತಿಳಿದಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ದಟ್ಟವಾಗುತ್ತದೆ. ಕೂಸಿನ ಅಡುಗೆಗೂ ಕುಡಿಯಲಿಕ್ಕೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ತಂದು, ಅದನ್ನು ಕುದಿಸಿ ಆರಿಸಿ. ಮನೆಯವರಿಗೆಲ್ಲ ತರಲು ಆಗದಿದ್ದರೆ ಕೂಸಿಗಾದರೂ ಒಂದು ಬಿಂದಿಗೆ ಬೇರೆ ಇಡಿ.

ಮೊದಲ ದಿನ ಎರಡು ಮೂರು ಚಮಚ ಸಾಕು. ಬೆಳಿಗ್ಗೆ ಹೊತ್ತು, ಕೂಸು ಎದ್ದು ಆಡುತ್ತಿರುವಾಗ ಕೊಡಿ; ತೀರಾ ಹಸಿದು ಅಳುವಾಗ ಹೊಸದು ಒಗ್ಗುವುದಿಲ್ಲ. ತೊಡೆಯ ಮೇಲೆ ಮಲಗಿಸಿ ಬೊಗಸೆಯಿಂದ ಸುರಿಯುವ ರೂಢಿ ಬಿಡಿ, ನೆತ್ತಿಗೆ ಹತ್ತುತ್ತದೆ. ನೆಟ್ಟಗೆ ಕೂರಿಸಿ, ಮುಖ ನಿಮ್ಮ ಕಡೆ ಇರಲಿ. ಚಮಚದ ತುದಿಯಲ್ಲಿ ಚೂರೇ ಚೂರು ತೆಗೆದು ಕೆಳತುಟಿಗೆ ತಾಗಿಸಿ ನಿಲ್ಲಿ. ಕೂಸು ತಾನೇ ಬಾಯಿ ತೆರೆಯುತ್ತದೆ. ಮೂಗು ಮುರಿಯುತ್ತದೆ, ಅರ್ಧ ಗಲ್ಲಕ್ಕೆ ಬರುತ್ತದೆ, ನಾಲಗೆ ಒಳಗೆ ಹೊರಗೆ ಆಡುತ್ತದೆ. ಅದು ಬೇಡ ಅನ್ನುವುದಲ್ಲ, ಕಲಿಯುವುದು. ಮುಖ ತಿರುಗಿಸಿ ಬಾಯಿ ಬಿಗಿದರೆ ಅಲ್ಲಿಗೆ ಬಿಡಿ, ಮೂಗು ಹಿಡಿದು ತುರುಕಬೇಡಿ. ಇವತ್ತು ಉಗುಳಿದ ಕುಂಬಳಕಾಯಿಯನ್ನು ಎಂಟು ಹತ್ತು ಸಲ ಕಂಡ ಮೇಲೆ ಕೂಸು ತಿನ್ನುವುದು ಸಾಮಾನ್ಯ. ಎದೆಹಾಲು ಮೊದಲಿನಂತೆಯೇ ನಡೆಯಲಿ, ಎರಡು ವರ್ಷದವರೆಗೆ, ಬೇಕಾದರೆ ಮುಂದೆಯೂ.

ಆಮೇಲೆ ಎರಡು ಮೂರು ದಿನಕ್ಕೊಂದು ಹೊಸದು. ಬೇಯಿಸಿ ನುರಿದ ಗಜ್ಜರಿ, ಕುಂಬಳಕಾಯಿ, ಬಾಳೆಹಣ್ಣು, ಪಪ್ಪಾಯಿ. ನುಚ್ಚು ಬೇಯುವಾಗಲೇ ಒಂದು ಚಿಟಿಕೆ ನುಗ್ಗೆ ಸೊಪ್ಪು, ಮೆಂತ್ಯೆ ಇಲ್ಲವೇ ರಾಜಗಿರಿ ಎಲೆ ಹೆಚ್ಚಿ ಹಾಕಿ, ಇಳಿಸಿದ ಮೇಲೆ ಎರಡು ಹನಿ ನಿಂಬೆರಸ ಹಿಂಡಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯಲು ನಿಂಬೆ ಸಹಾಯ ಮಾಡುತ್ತದೆ. ಚಹಾ ಅದಕ್ಕೆ ತದ್ವಿರುದ್ಧ, ತಿಂದ ಕಬ್ಬಿಣಾಂಶವನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ಕೂಸಿನ ಬಾಯಿಗೆ ಚಹಾ ಯಾವ ನೆಪದಲ್ಲೂ ಬೇಡ. ಹೊಲಕ್ಕೆ ಹೋಗುವ ತಾಯಂದಿರೇ, ಮನೆಯಲ್ಲಿ ಕೂಸು ನೋಡಿಕೊಳ್ಳುವ ಅಕ್ಕನ ಕೈಗೆ ಬಿಸ್ಕೀಟು ಪುಡಕೆ ಕೊಟ್ಟು ಹೋಗಬೇಡಿ ಎಂದು ಬೇಡಿಕೊಳ್ಳುತ್ತೇನೆ. ಬಾಳೆಹಣ್ಣು ಕೊಟ್ಟು ಹೋಗಿ. "ಬಾಳಿಹಣ್ಣಿಂದ ನೆಗಡಿ ಆಕ್ಕೈತಿ" ಎನ್ನುವ ಭಯ ಮನೆಮನೆಯಲ್ಲಿದೆ. ನೆಗಡಿ ಬರುವುದು ವೈರಸ್‌ನಿಂದ, ಹಣ್ಣಿನಿಂದ ಅಲ್ಲ.

ಮೊಟ್ಟೆ ತಿನ್ನುವ ಮನೆಯಾದರೆ ಆರು ತಿಂಗಳಿಂದಲೇ ಕೊಡಬಹುದು. ಪೂರ್ತಿ ಬೆಂದಿರಬೇಕು, ಮೊದಲು ಚೂರು ಹಳದಿ, ಆಮೇಲೆ ಬಿಳಿಯೂ. ಶೇಂಗಾ ಕೂಡ ಹಾಗೆ, ಪುಡಿ ಮಾಡಿ. ಹುರಿದು ಸಿಪ್ಪೆ ತಿಕ್ಕಿ, ಮುಗ್ಗಿದ್ದು, ಕಪ್ಪಾದದ್ದು, ಸುಕ್ಕಿದ್ದು ಆರಿಸಿ ಎಸೆಯಿರಿ, ಬೂಸಲಿನಲ್ಲಿ ಯಕೃತ್ತಿಗೆ ವಿಷವಾಗುವ ಅಂಶವಿರುತ್ತದೆ. ನುಣ್ಣಗೆ ಕುಟ್ಟಿ ಮೊದಲ ಸಲ ಕಾಲು ಚಮಚ ಊಟದಲ್ಲಿ ಕಲಸಿ, ಆ ಹೊತ್ತು ಕೂಸಿನ ಹತ್ತಿರವೇ ಇರಿ. ಮೈಮೇಲೆ ದದ್ದು, ತುಟಿ ಊತ, ವಾಂತಿ, ಏದುಸಿರು ಕಂಡರೆ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ. ಮೈಯೆಲ್ಲ ತೀವ್ರ ಕಜ್ಜಿ ಇರುವ ಕೂಸಿಗೆ ಶೇಂಗಾ ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಿ.

ಇಡೀ ಶೇಂಗಾ ಕಾಳು ಮಾತ್ರ ಐದು ವರ್ಷದವರೆಗೆ ಬೇಡ. ಸುಗ್ಗಿಯಲ್ಲಿ ಮನೆಯವರೆಲ್ಲ ಕೂತು ಶೇಂಗಾ ಬಿಡಿಸುವಾಗ ಅಂಬೆಗಾಲಿಡುವ ಕೂಸು ಅದೇ ರಾಶಿಯಲ್ಲಿರುತ್ತದೆ, ನನಗೆ ಜೀವ ಹಾರಿಹೋಗುತ್ತದೆ. ಪುಟಾಣಿ (ಹುರಿಗಡಲೆ), ಜೋಳದ ಅಳ್ಳು, ಚುರುಮುರಿಗೂ ಇದೇ ಮಾತು. ಊಟದಲ್ಲಿ ಕೂಸು ಓಕರಿಸಿ, ಕೆಮ್ಮಿ, ಕೆಂಪಾದರೆ ಸುಮ್ಮನಿರಿ, ಅದು ತಾನೇ ಹೊರಹಾಕುತ್ತದೆ. ಸದ್ದೇ ಇಲ್ಲದೆ ಬಾಯಿ ತೆರೆದು ನೀಲಿಗಟ್ಟಿದರೆ ಉಸಿರು ಕಟ್ಟಿದೆ ಎಂದರ್ಥ. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು, ತಲೆ ಕೆಳಗೆ ಬರುವಂತೆ ಹಿಡಿದು ಬೆನ್ನಿನ ಹಲಗೆಗಳ ನಡುವೆ ಅಂಗೈಯಿಂದ ಐದು ಪೆಟ್ಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಿ. ಕಾಳು ಹೊರಬರುವವರೆಗೆ ಹೀಗೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಒಳಗೇ ತಳ್ಳಿದಂತಾಗುತ್ತದೆ.

ಗಟ್ಟಿ ಕೊಟ್ಟರೆ ನುಂಗುವುದಿಲ್ಲ ಎನ್ನುವ ಕೂಸಿಗೆ ಒಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ಸಂತೆಯಿಂದ ರಾಗಿ ತಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿಸಿ, ಬಟ್ಟೆಯಲ್ಲಿ ಸೋಸಿ ಇಡಿ. ಗಟ್ಟಿ ಗಂಜಿಯನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಈ ಹಿಟ್ಟು ಅರ್ಧ ಚಮಚ ಕಲಸಿ ತುಸು ಹೊತ್ತು ಬಿಡಿ. ಕಣ್ಣ ಮುಂದೆಯೇ ಗಂಜಿ ಸಡಿಲಾಗುತ್ತದೆ. ನೀರು ಹಾಕಿಲ್ಲ, ಕಾಳಿನ ಸತ್ವ ಅಷ್ಟೂ ಅಲ್ಲೇ ಇದೆ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಮತ್ತೊಮ್ಮೆ ಕುದಿಸಿ ತಿನ್ನಿಸಿ. ರಾಗಿಗೆ ಹೇಳಿದ್ದನ್ನು ಜೋಳಕ್ಕೆ ಮಾಡಬೇಡಿ. ಎಳೆ ಜೋಳದ ಪೈರು ಮೇಯ್ದ ದನಕ್ಕೆ ವಿಷ ಏರುವುದು ರೈತರಿಗೆ ಗೊತ್ತೇ ಇದೆ. ಜೋಳದ ಮೊಳಕೆಯಲ್ಲೂ ಅದೇ ಸಯನೈಡ್ ಅಂಶ ಇರುತ್ತದೆ.

ಗುಳೆ ಹೋಗುವವರಿಗೆ ಬೇರೆ ವ್ಯವಸ್ಥೆ ಬೇಕು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಕುಕ್ಕರ್ ಕೂಗಿಸುವ ತಾಳ್ಮೆ ಯಾರಿಗಿದೆ? ಜೋಳ, ಹೆಸರುಬೇಳೆ ಚೆನ್ನಾಗಿ ಹುರಿದು, ಪುಟಾಣಿ ಸೇರಿಸಿ ನುಣ್ಣಗೆ ಬೀಸಿಸಿ ಒಣ ಡಬ್ಬಿಯಲ್ಲಿ ಒಯ್ಯಿರಿ. ಶೇಂಗಾ ಪುಡಿ ಬೇರೆ ಸಣ್ಣ ಡಬ್ಬಿಯಲ್ಲಿರಲಿ, ಎಣ್ಣೆ ಬಿಟ್ಟು ಬೇಗ ಕಮಟುತ್ತದೆ. ಎರಡು ಮೂರು ಚಮಚ ಹಿಟ್ಟು ನೀರಲ್ಲಿ ಕದಡಿ ಐದು ನಿಮಿಷ ಕುದಿಸಿದರೆ ಊಟ ತಯಾರು. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ, ಅದರ ಜೊತೆಗೇ ವಿಟಮಿನ್ ‘ಎ’ ಹನಿ ಅಲ್ಲಿನ ಆರೋಗ್ಯ ಕೇಂದ್ರದಲ್ಲೂ ಹಾಕುತ್ತಾರೆ.

ಎಂಟು ತಿಂಗಳಿಗೆ ನುರಿಯುವುದನ್ನು ಕಡಿಮೆ ಮಾಡಿ, ಸಣ್ಣ ಮೆತ್ತನೆಯ ಗಂಟು ಉಳಿಸಿ; ಹತ್ತು ತಿಂಗಳವರೆಗೂ ನುಣ್ಣಗೇ ಕೊಟ್ಟರೆ ಮುಂದೆ ಅಗಿಯಲು ಹಟ ಮಾಡುತ್ತದೆ. ಕೈಗೆ ಬೆಂದ ಗಜ್ಜರಿ ತುಂಡು ಕೊಡಿ, ಚೆಲ್ಲಲಿ. ಕಾಲು ಲೀಟರ್ ಬಟ್ಟಲಿನ ಅರ್ಧದಷ್ಟು, ದಿನಕ್ಕೆ ಮೂರು ಸಲ, ನಡುವೆ ಒಂದೆರಡು ಸಲ ಹಣ್ಣು. ವರ್ಷ ತುಂಬಿದಾಗ ಮುಕ್ಕಾಲು ಬಟ್ಟಲು, ಆಮೇಲೆ ಬಟ್ಟಲು ತುಂಬ. ಆಗ ಒಣಗಿ ಗರಿಗರಿಯಾದ ಕಟಿರೊಟ್ಟಿ ಬೇಡ, ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕಿವುಚಿ ಕೊಡಿ, ಖಾರ ಹಾಕುವ ಮುಂಚೆ ಕೂಸಿನ ಪಾಲು ತೆಗೆದಿಟ್ಟು. ಕೂಸಿಗೆ ಬೇರೆ ತಟ್ಟೆ ಇರಲಿ, ಎಷ್ಟು ತಿಂದಿತು ಎಂದು ಆಗಲೇ ಗೊತ್ತಾಗುವುದು. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಬೆಂದ ಊಟ ಒಂದು ತಾಸಿಗಿಂತ ಹೆಚ್ಚು ಇಡಬೇಡಿ.

ಭೇದಿಯಾದರೆ ಊಟ ನಿಲ್ಲಿಸುವ ಪದ್ಧತಿ ಕೂಸನ್ನು ಇನ್ನೂ ಇಳಿಸುತ್ತದೆ. ಓಆರ್‌ಎಸ್, 14 ದಿನ ಜಿಂಕ್ ಮಾತ್ರೆ, ಎದೆಹಾಲು, ಸ್ವಲ್ಪ ಸ್ವಲ್ಪವೇ ಊಟ, ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು. ತಿಂಗಳಿಗೊಮ್ಮೆ ಅಂಗನವಾಡಿಗೆ ತಂದು ತೂಗಿಸಿ. ಅಳತೆ ಪಟ್ಟಿ ಸುತ್ತಿದಾಗ ಕೂಸಿನ ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಊಟ ಹೆಚ್ಚಿಸಬೇಕು, 11.5ಕ್ಕಿಂತ ಕಡಿಮೆ ಬಂದರೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತೇವೆ. ಅಲ್ಲಿ ತಾಯಿಯೂ ಕೂಸಿನ ಜೊತೆಗೇ ಇರಬಹುದು, ಕೂಲಿ ತಪ್ಪಿದ್ದಕ್ಕೆ ಪರಿಹಾರ ಕೊಡುತ್ತಾರೆ. ಹೋಗಲು ಹಿಂಜರಿದರೆ ನಮ್ಮನ್ನು ಕರೆಯಿರಿ, ಜೊತೆಗೆ ಬರುತ್ತೇವೆ.