ಮೇಜು ತೆಗೆದೆ, ಗೋಡೆ ಕೊಟ್ಟೆ

ಓದು ಬರಹ ಕಷ್ಟವಾಗುವ ಮಕ್ಕಳಿಗೆ ಅಂತ ಬೆಂಗಳೂರಿನ ಹನುಮಂತನಗರದಲ್ಲಿ ಶನಿವಾರ ನಡೆಯುವ ನನ್ನ ಕಲಾ ಕಮ್ಮಟಕ್ಕೆ ಈಗ ಹೆಸರು ಬರೆಸಿ ಕಾಯುವವರಿದ್ದಾರೆ. ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಯಾಕಂದರೆ "ಇದು ಥೆರಪಿನೂ ಅಲ್ಲ, ಕಲೆನೂ ಅಲ್ಲ, ಸುಮ್ನೆ ಗೋಡೆ ಹಾಳು ಮಾಡೋದು" ಅಂತ ಮುಖಕ್ಕೇ ಹೇಳಿದವರು ಕಡಿಮೆ ಇಲ್ಲ. ಹಾಗೆ ಹೇಳಿದ ಡ್ರಾಯಿಂಗ್ ಟೀಚರ್ ಒಬ್ಬರು ಹೋದ ವರ್ಷ ಬಂದು ಎರಡು ಮೂರು ಶನಿವಾರ ಮೂಲೆಯಲ್ಲಿ ಕೂತು ನೋಡಿಕೊಂಡು ಹೋದರು. ಏನೂ ಹೇಳಲಿಲ್ಲ. ಈಗ ಅವರ ಕ್ಲಾಸಿನಲ್ಲೂ ಮೇಜು ಇಲ್ಲವಂತೆ.

ನಾನು ಮೊದಲು ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ನಮ್ಮ ಬ್ರಷ್‌ಗಳನ್ನೆಲ್ಲ ಡಬ್ಬಕ್ಕೆ ಹಾಕಿಸಿತು. ಆಮೇಲೆ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ ಅಂದರೆ ಓದಲು, ಬರೆಯಲು ಆಗುವ ಕಷ್ಟ. ಅದರ ವಿವರ ಇಲ್ಲಿ ಬರೆಯಲು ಹೋಗಲ್ಲ. ಈ ಕೆಲಸದಲ್ಲಿ ಇರುವವರಿಗೆ ಅದು ಗೊತ್ತು. ನಿಮ್ಹಾನ್ಸ್ ರಿಪೋರ್ಟ್ ಫೈಲಿನಲ್ಲಿ ಹಿಡಿದು ಬರುವ ಅಪ್ಪ ಅಮ್ಮಂದಿರಿಗೂ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಸೇರಿದ ಮೇಲೆ ಸರ್ಟಿಫಿಕೇಟ್ ಕೇಳುವವರು ಜಾಸ್ತಿ ಆಗಿದ್ದಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ ಸಿಗುತ್ತೆ ಅಂತ. ಸಿಗಲಿ, ಒಳ್ಳೆಯದೇ.

ಒಂದು ನಂಬಿಕೆ ಮಾತ್ರ ನನಗೆ ತುಂಬಾ ಕಾಟ ಕೊಟ್ಟಿದೆ. ಓದು ಬರದ ಮಗುವಿಗೆ ಚಿತ್ರ ಚೆನ್ನಾಗಿ ಬರುತ್ತೆ ಅನ್ನೋದು. ಕೆಲವರಿಗೆ ಬರುತ್ತೆ. ನನ್ನ ಹತ್ತಿರ ಬಂದ ಹೆಚ್ಚಿನ ಮಕ್ಕಳಿಗೆ ಚಿತ್ರ ಅಂದರೂ ಭಯವೇ. ಅವರ ಮಟ್ಟಿಗೆ ಪೆನ್ಸಿಲ್ ಪೆನ್ಸಿಲ್ಲೇ, ಬಿಳಿ ಹಾಳೆ ಬಿಳಿ ಹಾಳೆಯೇ. ನೋಟ್‌ಬುಕ್ಕಿನಲ್ಲಿ ಬೈಸಿಕೊಂಡ ಕೈ ಡ್ರಾಯಿಂಗ್ ಬುಕ್ಕಿನಲ್ಲಿ ದಿಢೀರ್ ಅಂತ ಹಗುರ ಆಗಲ್ಲ.

ಇದು ಗೊತ್ತಾಗಲು ನನಗೆ ಹತ್ತಿರ ಹತ್ತಿರ 15 ಸಾವಿರ ಖರ್ಚಾಯಿತು. ಜಯನಗರದಲ್ಲಿ ಹಾಲ್ ಹಿಡಿದು ಬೇಸಿಗೆ ಶಿಬಿರ ಮಾಡಿದ್ದೆ. ಇಪ್ಪತ್ತಕ್ಕಿಂತ ಜಾಸ್ತಿ ಮಕ್ಕಳು. ಪೋಸ್ಟರ್ ಕಲರ್, ಎ4 ಹಾಳೆ, ಸಾಲಾಗಿ ಮೇಜು. "ಮೊದಲು ವೃತ್ತ ಬರೀರಿ, ಅದರ ಕೆಳಗೆ ಉದ್ದ ಗೆರೆ, ಎಡಕ್ಕೆ ಎರಡು ಎಲೆ" ಅಂತ ನಾನು ಮುಂದೆ ನಿಂತು ಹೇಳೋದು. ಮೂರನೇ ಮಾತಿಗೆ ಬರುವಷ್ಟರಲ್ಲಿ ಅರ್ಧ ಮಕ್ಕಳಿಗೆ ಮೊದಲನೆಯದು ಮರೆತಿರುತ್ತಿತ್ತು. ಎಡ ಯಾವುದು ಬಲ ಯಾವುದು ಅನ್ನೋದೇ ಒಂದು ರಗಳೆ. ಒಬ್ಬ ಹುಡುಗ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತು ಮಾಡಿದ. ಇನ್ನೊಬ್ಬಳು ಪಕ್ಕದವಳ ಹಾಳೆ ನೋಡಿ ತನ್ನದನ್ನು ಹರಿದಳು. ಮೂರನೇ ದಿನಕ್ಕೆ ಅರ್ಧ ಹಾಲ್ ಖಾಲಿ. ದುಡ್ಡು ವಾಪಸ್ ಕೇಳಿದವರಿಗೆ ಕೊಟ್ಟೆ. ಹಾಲ್ ಮಾಲೀಕರು ಮಾತ್ರ ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ನೆಲಕ್ಕೆ ಬಣ್ಣ ಬಿದ್ದಿದೆ ಅಂತ.

ಆಮೇಲೆ ಟ್ಯಾಬ್‌ನಲ್ಲಿ ಚಿತ್ರ ಬಿಡಿಸಿಸಿ ನೋಡಿದೆ. ಬೆರಳು ಜಾರುತ್ತೆ, ಮಕ್ಕಳು ಗೇಮ್‌ಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಪಾಟರಿ ಟೌನ್‌ನಿಂದ ಜೇಡಿಮಣ್ಣು ತಂದೆ. ಅದು ಅರ್ಧ ಗೆದ್ದಿತು. ಆದರೆ ಪ್ರತಿ ಬ್ಯಾಚಿನಲ್ಲಿ ಒಬ್ಬರೋ ಇಬ್ಬರೋ ಒದ್ದೆ ಮಣ್ಣು ಮುಟ್ಟಲ್ಲ ಅಂತ ಕೈ ಕಟ್ಟಿಕೊಂಡು ಕೂರುತ್ತಾರೆ. ಬಲವಂತ ಮಾಡಬಾರದು. ಒಣ ರಂಗೋಲಿ ಪುಡಿ ಕೊಟ್ಟರೆ ಅದೇ ಮಗು ಮುಟ್ಟುತ್ತೆ. ಮಣ್ಣಿನ ಬದಲು ಉಪ್ಪು ಹಾಕಿ ಕಲಸಿದ ಗೋಧಿ ಹಿಟ್ಟು ಕೊಟ್ಟು ನೋಡಿದೆ. ಕಲಸಿದ್ದು ಚೆನ್ನಾಗಿತ್ತು. ಒಂದು ವಾರ ಬಿಟ್ಟು ಬಾಗಿಲು ತೆಗೆದರೆ ಪೂರ್ತಿ ಇರುವೆ.

ದಾರಿ ಸಿಕ್ಕಿದ್ದು ನನ್ನ ಹಳೇ ಕಸುಬಿನಿಂದಲೇ. ಬೋರ್ಡ್ ಬರೆಯುವವರು ದೊಡ್ಡ ಅಕ್ಷರಕ್ಕೆ ಏನು ಮಾಡುತ್ತಾರೆ? ಹಾಳೆಯ ಮೇಲೆ ಅಕ್ಷರ ಬರೆದು, ಅಂಚಿನ ಉದ್ದಕ್ಕೂ ಸೂಜಿಯಿಂದ ತೂತು ಹೊಡೆದು, ಗೋಡೆಗಿಟ್ಟು ಸೀಮೆಸುಣ್ಣದ ಪುಡಿಯ ಗಂಟಿನಿಂದ ತಟ್ಟುತ್ತಾರೆ. ಹಾಳೆ ತೆಗೆದರೆ ಗೋಡೆ ಮೇಲೆ ಚುಕ್ಕಿಗಳು. ಚುಕ್ಕಿ ಸೇರಿಸಿದರೆ ಅಕ್ಷರ. ಒಂದು ದಿನ ಇದನ್ನು ಮಾಡಿ ತೋರಿಸುವಾಗ ಮಗುವನ್ನು ಬಿಡಲು ಬಂದಿದ್ದ ಅಜ್ಜಿಯೊಬ್ಬರು, "ಇದು ನಮ್ಮ ಚುಕ್ಕಿ ರಂಗೋಲಿ ತಾನೇ ಮೇಷ್ಟ್ರೇ, ಗೋಡೆ ಮೇಲೆ ಯಾಕೆ ಹಾಕ್ತೀರಿ" ಅಂದರು. ಹೌದಲ್ವಾ ಅನ್ನಿಸಿತು. ಅಲ್ಲಿಂದ ಕ್ರಮ ಬದಲಾಯಿತು. ಮೊದಲು ನೆಲ, ಆಮೇಲೆ ಗೋಡೆ, ಆಮೇಲೆ ದೊಡ್ಡ ಬ್ರೌನ್ ಶೀಟ್, ಕಟ್ಟಕಡೆಗೆ ಹಾಳೆ. ಮೇಜು ಕೊನೆಯ ಎರಡು ವಾರಕ್ಕೆ ಮಾತ್ರ.

ನೆಲದಲ್ಲಿ ಸೀಮೆಸುಣ್ಣದಿಂದ 5 ರಿಂದ 1 ನೇರ ಚುಕ್ಕಿ. ಒಟ್ಟು 13. ಅದು ಬಂದರೆ 7 ರಿಂದ 1, ಅದು 25. ಲೆಕ್ಕ ಬರದ ಮಕ್ಕಳು ಇಲ್ಲಿ ಎಣಿಸುತ್ತಾರೆ, ಎಣಿಸುತ್ತಿದ್ದೇವೆ ಅಂತ ಗೊತ್ತಾಗದೆ. 7 ರಿಂದ 4 ಸಂದು ಚುಕ್ಕಿ ಅಷ್ಟು ಸುಲಭ ಅಲ್ಲ. ಸಾಲು ಅರ್ಧ ಜರುಗಬೇಕು, ಅಲ್ಲೇ ತಪ್ಪುತ್ತೆ. ಅವಸರ ಮಾಡಬೇಡಿ. ಎಲ್ಲಿಂದ ಶುರು ಅನ್ನೋ ಗೊಂದಲಕ್ಕೆ ಮೊದಲ ಚುಕ್ಕಿ ಮೇಲೆ ಕೆಂಪು ಸ್ಟಿಕ್ಕರ್ ಬಿಂದಿ ಅಂಟಿಸುತ್ತೇನೆ. ಗಾಂಧಿ ಬಜಾರಿನಲ್ಲಿ ಹತ್ತು ರೂಪಾಯಿಗೆ ಒಂದು ಪ್ಯಾಕೆಟ್. ಎಡ, ಬಲ ಅನ್ನೋ ಮಾತೇ ನನ್ನ ಕಮ್ಮಟದಲ್ಲಿ ಇಲ್ಲ. ಬಿಂದಿಯಿಂದ ಕಿಟಕಿ ಕಡೆಗೆ, ಬಿಂದಿಯಿಂದ ಬಾಗಿಲ ಕಡೆಗೆ, ಅಷ್ಟೇ.

ಸೀಮೆಸುಣ್ಣ ಇಡೀದು ಕೊಡಲ್ಲ. ಮುರಿದು ಗೋಲಿಯಷ್ಟು ತುಂಡು ಮಾಡಿ ಕೊಡುತ್ತೇನೆ. ತುಂಡು ಚಿಕ್ಕದಾದರೆ ಮುಷ್ಟಿಯಲ್ಲಿ ಹಿಡಿಯಲು ಆಗಲ್ಲ, ಬೆರಳ ತುದಿಗೆ ಬರಲೇಬೇಕು. ಇದನ್ನು ಆಕ್ಯುಪೇಷನಲ್ ಥೆರಪಿಯವರೂ, ಅಂದರೆ ದಿನದ ಕೆಲಸಗಳಿಗೆ ಕೈ ಮೈ ಪಳಗಿಸುವ ಚಿಕಿತ್ಸೆಯವರೂ, ಮಾಡುತ್ತಾರೆ, ನಾನು ಕಂಡುಹಿಡಿದದ್ದಲ್ಲ. ನಿಂತು ಗೋಡೆ ಮೇಲೆ ಬರೆಸೋದೂ ಅವರಿಗೆ ಗೊತ್ತಿರುವುದೇ. ಭುಜ ಗಟ್ಟಿಯಾಗುತ್ತೆ, ಮಣಿಕಟ್ಟು ಸರಿಯಾದ ಕೋನಕ್ಕೆ ಬರುತ್ತೆ. ನಾನು ಸೇರಿಸಿದ್ದು ಕೋಲು. ಬೋರ್ಡ್ ಬರೆಯುವಾಗ ಕೈ ಊರಲು ತುದಿಗೆ ಬಟ್ಟೆ ಸುತ್ತಿದ ಕೋಲು ಇಟ್ಟುಕೊಳ್ಳುತ್ತೇವಲ್ಲ, ಅದು. ಕೈ ನಡುಗುವ ಹುಡುಗನಿಗೆ ಅದನ್ನು ಕೊಟ್ಟ ದಿನ ಅವನ ಗೆರೆ ನೋಡಬೇಕಿತ್ತು. ಮಗುವಿನ ಎತ್ತರಕ್ಕೆ ಕೋಲಿನ ಉದ್ದ ಎಷ್ಟಿರಬೇಕು, ತುದಿಯ ಬಟ್ಟೆಯೊಳಗೆ ಏನು ತುಂಬಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಬಂದು ನೋಡಿದರೆ ಕಾಣುತ್ತೆ.

ರಬ್ಬರ್ ಪೂರ್ತಿ ಬಂದ್. ಅದರ ಬದಲು ನೀರು. ಗೋಡೆಗೆ ಗಾಢ ಬಣ್ಣ ಹೊಡೆಸಿ, ಎರಡಿಂಚಿನ ಬ್ರಷ್ ಮತ್ತು ಒಂದು ಚೊಂಬು ನೀರು ಕೊಟ್ಟುಬಿಡಿ. ಬರೆದದ್ದು ಕಾಣುತ್ತೆ, ಐದು ನಿಮಿಷಕ್ಕೆ ಒಣಗಿ ಹೋಗುತ್ತೆ. ತಪ್ಪಾದದ್ದಕ್ಕೆ ಸಾಕ್ಷಿಯೇ ಉಳಿಯಲ್ಲ. ಮೊದಲ ಶನಿವಾರ ಏನೂ ಮಾಡದೆ ಕೂರುವ ಮಗು ಕೂಡ ನೀರು ಬಳಿಯಲು ಎದ್ದು ಬರುತ್ತೆ. ಖರ್ಚು ಸೊನ್ನೆ. ಇದರ ಫೋಟೊ ನೋಡಿದ ತಾಯಿಯೊಬ್ಬರು ಕೇಳಿದರು, "ನೀರು ಬಳಿಸೋಕೆ ಫೀಸ್ ಕೊಡಬೇಕಾ?" ಕೊಡಬೇಕು ಅಂದೆ.

ಮಾತು ಎಷ್ಟು ಕಮ್ಮಿ ಮಾಡಿದರೆ ಅಷ್ಟು ಒಳ್ಳೆಯದು. ಒಂದು ಹೆಜ್ಜೆ ಮಾಡಿ ತೋರಿಸೋದು, ಬಾಯಿ ಮುಚ್ಚಿಕೊಂಡು ನಿಲ್ಲೋದು. ಎಲ್ಲರೂ ಮಾಡಿದ ಮೇಲೆ ಇನ್ನೊಂದು. ಒಂದೂವರೆ ಗಂಟೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗೆ ಓಡಿಸುತ್ತೇನೆ. ಜಗಳ ಇಲ್ಲದೆ ಬ್ರಷ್ ತೊಳೆಸೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳಿಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತೆ?

ಮಧ್ಯೆ ಮಧ್ಯೆ ನನ್ನ ಹುಚ್ಚಾಟಗಳೂ ನಡೆಯುತ್ತವೆ. ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರ ನೋಡಿದ್ದೀರಲ್ಲ, ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಅದರಲ್ಲಿ ಜೋಡಿ ಗೆರೆಗಳೇ ಜಾಸ್ತಿ, ನಮ್ಮ ಮಕ್ಕಳಿಗೆ ಸರಿಯಾಗುತ್ತೆ ಅಂತ ತಗೊಂಡೆ. ಅಷ್ಟು ಸಣ್ಣ ಗೆರೆ ಇವರ ಕೈಗೆ ಕಷ್ಟ. ಅಲ್ಲಿ ಪುಂಡಿ ನಾರಿನ ಬ್ರಷ್ ಬಳಸುತ್ತಾರೆ. ನಾನು ಗೋಣಿ ದಾರ ಕಟ್ಟಿ ದಪ್ಪ ಬ್ರಷ್ ಮಾಡಿದೆ, ಗೆರೆ ಬೆರಳಷ್ಟು ಅಗಲ ಬಂತು. ಚಿತ್ತಾರದವರು ನೋಡಿದರೆ ನಗುತ್ತಾರೆ. ಆದರೆ ಒಂದು ಲಾಭ ಆಯಿತು. ಗೆರೆ ಎಳೆಯುವಾಗ ಬಾಯಲ್ಲಿ ತಕಧಿಮಿ ಹೇಳಿಸಿದೆ. ನಾಲ್ಕಕ್ಕೆ ನಾಲ್ಕು ಗೆರೆ, ತಕಿಟ ಅಂದರೆ ಮೂರು. ಎಷ್ಟು ಎಳೆದೆ ಅಂತ ಮರೆಯುತ್ತಿದ್ದ ಮಕ್ಕಳು ಮರೆಯೋದು ನಿಂತಿತು. ಪಕ್ಕದ ಮನೆಯವರಿಂದ ದೂರು ಮಾತ್ರ ಬಂತು.

ಬಣ್ಣದ ಖರ್ಚು ಇಳಿಸಲು ಅಡುಗೆಮನೆಗೆ ಕೈ ಹಾಕಿದೆ. ಬೀಟ್‌ರೂಟ್ ದಂಡ, ಸ್ವಲ್ಪ ದಿನಕ್ಕೆ ಕಂದು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಓಕುಳಿ ಕೆಂಪು ಬರುತ್ತಲ್ಲ, ಅದು ಸೂಪರ್ ಹಿಟ್. ಸುಣ್ಣ ಮಾತ್ರ ನನ್ನ ಕೈಯಲ್ಲೇ, ಮಕ್ಕಳ ಕಣ್ಣಿಗೆ ಹೋಗಬಾರದು. ಕೆಮ್ಮಣ್ಣು ಮತ್ತು ಮೈದಾ ಅಂಟು ಸೇರಿಸಿದ ಬಣ್ಣ ಅಗ್ಗ, ಗಟ್ಟಿ. ಆದರೆ ಪೋಸ್ಟರ್ ಅಂಟಿಸುವವರ ಹತ್ತಿರ ಅಂಟು ಕೇಳಬೇಡಿ. ಹುಳ ಬರದಿರಲಿ ಅಂತ ಅದಕ್ಕೆ ಮೈಲುತುತ್ತ ಹಾಕುತ್ತಾರೆ, ಅದು ವಿಷ. ಪೇಂಟ್‌ಗೆ ಬಣ್ಣ ಬರಿಸಲು ಬೆರೆಸುವ, ಪೇಂಟ್ ಅಂಗಡಿಯ ಸ್ಟೇನರ್ ಕೂಡ ಮಕ್ಕಳ ಕೈಗೆ ಬೇಡ.

ದುಡ್ಡಿನ ವಿಷಯ. ಒಂದು ಬ್ಯಾಚಿಗೆ ಎಂಟು ಮಕ್ಕಳು, ಹತ್ತು ವಾರ. ವಾರಕ್ಕೆ 450 ರೂಪಾಯಿ. ಇಬ್ಬರಿಗೆ ಫೀಸ್ ಇಲ್ಲ, ಉಳಿದ ಆರು ಜನರಿಂದ 2,700. ಜಾಗಕ್ಕೆ 800, ಸಹಾಯಕ್ಕೆ ಬರುವ ಹುಡುಗಿಗೆ 600, ಸಾಮಾನಿಗೆ 300 ಅಂದಾಜು. ಕೈಗೆ ಸಾವಿರ ಉಳಿಯುತ್ತೆ. ಇದರಲ್ಲಿ ಮನೆ ನಡೆಯಲ್ಲ, ಶಾಲೆಯ ಸಂಬಳ ಇದೆ ಅಂತ ನಡೆಯುತ್ತಿದೆ. ಕಾಗದ ಸುಲ್ತಾನ್‌ಪೇಟೆಯಲ್ಲಿ ಒಟ್ಟಿಗೆ ತಂದರೆ ಸ್ಟೇಷನರಿ ಅಂಗಡಿಗಿಂತ ಎಷ್ಟೋ ವಾಸಿ. ಒಂದು ಕಂಪನಿಯವರು ಸಿಎಸ್ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ದುಡ್ಡು, ಕೊಡುತ್ತೇವೆ ಅಂದರು. ಮಕ್ಕಳು ಅವರ ಟೀಶರ್ಟ್ ಹಾಕಿ ಫೋಟೊಗೆ ನಿಲ್ಲಬೇಕಂತೆ, ಹಿಂದಿನ ಬ್ಯಾನರಿನಲ್ಲಿ ಕಲಿಕಾ ನ್ಯೂನತೆ ಅಂತ ದೊಡ್ಡದಾಗಿ. ಬೇಡ ಅಂದೆ. ಲಕ್ಷದ ಹತ್ತಿರದ ಮಾತು ಅದು. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಇಲ್ಲಿಗೆ ಬಂದರೆ ಮಾರ್ಕ್ಸ್ ಏರುತ್ತೆ ಅಂತ ನಾನು ಯಾರಿಗೂ ಹೇಳಿಲ್ಲ. ಓದು ಕಲಿಸಲು ಸ್ಪೆಷಲ್ ಎಜುಕೇಟರ್ ಬೇಕೇ ಬೇಕು. ನನ್ನಿಂದ ಆಗುವುದು ಇಷ್ಟು: ಕೈಗೆ ಧೈರ್ಯ ಬರುತ್ತೆ, ಶುರು ಮಾಡಿದ್ದನ್ನು ಮುಗಿಸುವ ಅಭ್ಯಾಸ ಬರುತ್ತೆ. ಅದನ್ನೂ ನಂಬದವರಿಗೆ ನಾನು ತೋರಿಸೋದು ಬೋರ್ಡ್‌ಗಳನ್ನು. 2024ರ ಶುರುವಿನಲ್ಲಿ ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕು ಅಂತ ಬಿಬಿಎಂಪಿ ಬೆನ್ನು ಹತ್ತಿತ್ತಲ್ಲ, ಆಗ ನಮ್ಮ ಬೀದಿಯ ಸಣ್ಣ ಅಂಗಡಿಯವರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಪ್ಲೈವುಡ್ ನೀವು ಕೊಡಿ, ಬರೆಯೋದು ನಮ್ಮ ಮಕ್ಕಳು ಅಂದೆ. ಅಂಗಡಿಯವರು ಪ್ರೀತಿಯಿಂದ ಕೊಟ್ಟ ದುಡ್ಡು ಬಣ್ಣದ ಡಬ್ಬಕ್ಕೆ ಹೋಯಿತು. ಒಬ್ಬರು ಅಂಕುಡೊಂಕು ಅಂತ ವಾಪಸ್ ಕಳಿಸಿದರು. ಕಾಂಡಿಮೆಂಟ್ಸ್‌ನವರು ಇಟ್ಟುಕೊಂಡರು. ಆ ಪದದಲ್ಲಿ ಎಷ್ಟು ಕಷ್ಟ ಇದೆ ನೋಡಿ, ಸೊನ್ನೆ, ಗುಡಿಸು, ಏತ್ವ, ಕೊನೆಗೆ ಟಕಾರಕ್ಕೆ ಸಕಾರದ ಒತ್ತು. ಆರನೇ ಕ್ಲಾಸಿನ ಹುಡುಗ, ಒತ್ತಕ್ಷರ ಅಂದರೆ ನೋಟ್‌ಬುಕ್ ಮುಚ್ಚುವವನು, ಆ ಸಕಾರದ ಒತ್ತನ್ನು ಒಂದು ಗೇಣು ಉದ್ದಕ್ಕೆ ಎಳೆದ. ಚುಕ್ಕಿ ಹಾಕಿಕೊಟ್ಟದ್ದು ನಾನೇ, ಸುಳ್ಳು ಹೇಳಲ್ಲ. ಟೈಲರ್ ಅಂಗಡಿಯ ಬೋರ್ಡಿಗೆ ಬರುವ ಹೊತ್ತಿಗೆ ಚುಕ್ಕಿ ಬೇಡ ಅಂದ. "ಬಿಂದಿ ಒಂದು ಇಡಿ ಸರ್, ಸಾಕು."

ಅವನ ಅಪ್ಪ ಮೊದಲ ದಿನ ಫೀಸ್ ಕೊಡುವಾಗ ರಸೀದಿಯ ಹಿಂದೆ "ಬರವಣಿಗೆ ಸುಧಾರಿಸದಿದ್ದರೆ ಹಣ ವಾಪಸ್" ಅಂತ ಬರೆಸಿಕೊಂಡವರು. ಆ ರಸೀದಿ ವಾಪಸ್ ಕೇಳಿದೆ, ಕೊಡಲಿಲ್ಲ. ತಂಗಿಯನ್ನೂ ಸೇರಿಸಿದ್ದಾರೆ, ಅವಳಿಗೆ ಯಾವ ತೊಂದರೆಯೂ ಇಲ್ಲ.

ಈಗ ಉಳಿದಿರುವ ತಲೆನೋವು ಮಳೆಗಾಲ. ಆಗಸ್ಟಿನಲ್ಲಿ ಗೋಡೆ ಮೇಲಿನ ನೀರು ಒಣಗೋದೇ ಇಲ್ಲ. ಮಕ್ಕಳು ಕಾದು ಕಾದು ಬೇಜಾರಾಗಿ ಬ್ರಷ್ ಎಸೆಯುತ್ತಾರೆ. ಫ್ಯಾನ್ ಇಟ್ಟೆ, ಸೀಮೆಸುಣ್ಣದ ಪುಡಿಯೆಲ್ಲ ಹಾರಿ ಎಲ್ಲರಿಗೂ ಸೀನು. ಸ್ಲೇಟ್ ಪೇಂಟ್ ಹೊಡೆದ ಪ್ಲೈವುಡ್ ಹಲಗೆ ನಾಲ್ಕು ಮಾಡಿಸೋಣ ಅಂತ ಬಡಗಿಯನ್ನು ಕೇಳಿದರೆ ಆರು ಸಾವಿರ ಹೇಳುತ್ತಿದ್ದಾನೆ. ಹಳೆ ಶಾಲೆಯ ಬ್ಲ್ಯಾಕ್‌ಬೋರ್ಡ್ ಗುಜರಿಯಲ್ಲಿ ಸಿಕ್ಕರೆ ಅರ್ಧಕ್ಕೆ ಆಗುತ್ತೆ. ಜೆಸಿ ರೋಡ್ ಕಡೆ ಹುಡುಕುತ್ತಿದ್ದೇನೆ. ನಾಲ್ಕಡಿಗಿಂತ ಎತ್ತರದ್ದು ಯಾರಾದರೂ ಕಂಡರೆ ತಿಳಿಸಿ.