ರೇಸ್ ಸ್ಕೀಗೆ ಸಾಣೆ: ತಳ ಯಂತ್ರಕ್ಕೆ, ಅಂಚು ಕೈಗೆ

ಆಲ್ಪ್ಸ್‌ನ ರೇಸ್ ಇಳಿಜಾರಿನಲ್ಲಿ ಮೆತ್ತನೆಯ ಹಿಮ ಇರುವುದಿಲ್ಲ. ನೀರು ಹಾಯಿಸಿ ಗಾಜಿನಂತೆ ಗಟ್ಟಿ ಮಾಡಿರುತ್ತಾರೆ. ಅಲ್ಲಿ ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಹಲಗೆ, ಅಡ್ಡಕ್ಕೆ ಜಾರಿ ಹೋಗದಂತೆ ಹಿಡಿಯುವುದು ಸುಮಾರು 2 ಮಿ.ಮೀ. ದಪ್ಪದ ಉಕ್ಕಿನ ಅಂಚು, ಅಷ್ಟೇ.

ಮೊದಲು ತಳ ನೋಡಿ. ನೇರವಾದ ಉಕ್ಕಿನ ಪಟ್ಟಿಯನ್ನು ತಳದ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ತೂರಿ ಬಂದರೆ ತಳ ಸಮ ಇಲ್ಲ. ಇದು ಯಂತ್ರದ ಕೆಲಸ. ಆಸ್ಟ್ರಿಯದ ವಿಂಟರ್‌ಸ್ಟೈಗರ್, ಸ್ವಿಟ್ಜರ್ಲೆಂಡಿನ ಮೊಂಟಾನಾ ಯಂತ್ರಗಳಲ್ಲಿ ತಿರುಗುವ ಕಲ್ಲು ತಳವನ್ನು ಸಮ ಮಾಡಿ, ಅದರ ಮೇಲೆ ನವಿರಾದ ಗೆರೆಗಳನ್ನೂ ಮೂಡಿಸುತ್ತದೆ. ಕರಗಿದ ನೀರು ತಳಕ್ಕೆ ಅಂಟಿ ಎಳೆಯದಂತೆ ತಡೆಯುವುದು ಆ ಗೆರೆಗಳೇ. ಅಷ್ಟು ಒಪ್ಪವಾಗಿ ಕೈಯಲ್ಲಿ ಮಾಡಲು ಆಗುವುದಿಲ್ಲ. ಆದರೆ ಪ್ರತಿ ಸಲವೂ ತಳ, ಅಂಚು ಎರಡೂ ಸವೆಯುತ್ತವೆ. ಸುಮ್ನೆ ವಾರಕ್ಕೊಮ್ಮೆ ಕೊಡಬೇಡಿ.

ಇನ್ನು ಅಂಚಿನ ಪಕ್ಕದ ಮುಖ. ಬ್ರೇಕನ್ನು (ಕಾಲಿನಿಂದ ಕಳಚಿದ ಸ್ಕೀ ಜಾರಿ ಹೋಗದಂತೆ ತಡೆಯುವ ಕಡ್ಡಿಗಳು) ರಬ್ಬರ್ ಬ್ಯಾಂಡಿನಿಂದ ಎತ್ತಿ ಕಟ್ಟಿ, ಸ್ಕೀಯನ್ನು ಪಕ್ಕಕ್ಕೆ ನಿಲ್ಲಿಸಿ ವೈಸಿನಲ್ಲಿ ಬಿಗಿಯಿರಿ. ಬಂಡೆಗೆ ತಾಗಿದ ಕಡೆ ಉಕ್ಕು ಗಡಸಾಗಿರುತ್ತದೆ. ಅರ ಅಲ್ಲಿ ಕಚ್ಚದೆ ಕಿರ್ರೆಂದು ಜಾರುತ್ತದೆ. ಆ ಜಾಗವನ್ನು ಮೊದಲು ವಜ್ರದ ಕಲ್ಲಿನಿಂದ (ವಜ್ರದ ಪುಡಿ ಹಚ್ಚಿದ ಸಾಣೆಕಲ್ಲು) ಉಜ್ಜಿ. ಕೈಗೆ ಸಿಗುವ ಈ ಸುಳಿವಿಗಾಗಿಯೇ ನನಗೆ ಕೈಕೆಲಸ ಇಷ್ಟ.

ಆಮೇಲೆ ಅಂಚಿಗೆ ಮಾರ್ಕರ್ ಬಳಿಯಿರಿ. ಸ್ಲಾಲಮ್ (ಹತ್ತಿರ ಹತ್ತಿರ ನೆಟ್ಟ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ರೇಸ್) ಸ್ಕೀ ಆದರೆ, ಅರವನ್ನು ಒಂದೇ ಕೋನದಲ್ಲಿ ಹಿಡಿದಿಡುವ 87 ಡಿಗ್ರಿಯ ಗೈಡಿಗೆ ಅರ ಸಿಕ್ಕಿಸಿ, ಮುಂತುದಿಯಿಂದ ಹಿಂತುದಿಯ ಕಡೆಗೆ ಹಗುರವಾಗಿ ಎಳೆಯಿರಿ. ಎರಡು ಎಳೆತ ಆದ ಮೇಲೆ ನಿಲ್ಲಿಸಿ ನೋಡಿ. ಬಣ್ಣ ಒಂದೇ ಸಮ ಹೋಗಿದ್ದರೆ ಕೋನ ಸರಿ. ಒಂದು ಬದಿಯಲ್ಲಿ ಗೆರೆಯಂತೆ ಉಳಿದಿದ್ದರೆ ಹಳೆಯ ಕೋನವೇ ಬೇರೆ ಎಂದರ್ಥ. ಜೋರಾಗಿ ಒತ್ತಬೇಡಿ, ಅಂಚು ಅಲೆ ಅಲೆಯಾಗುತ್ತದೆ.

ತಳದ ಕಡೆಯ ಅಂಚಿಗೆ ಮಾತ್ರ ಮನೆಯಲ್ಲಿ ಅರ ಹಾಕಲೇಬೇಡಿ. ರೇಸ್ ಸ್ಕೀಗಳಲ್ಲಿ ಅಲ್ಲಿನ ಓರೆ (ತಳದ ಮಟ್ಟದಿಂದ ಅಂಚು ವಾಲಿರುವ ಕೋನ) ಸಾಮಾನ್ಯವಾಗಿ 0.5ರಿಂದ 0.7 ಡಿಗ್ರಿ. ಅದು ಜಾಸ್ತಿಯಾದರೆ ಇಡೀ ತಳವನ್ನೇ ಮತ್ತೆ ಯಂತ್ರಕ್ಕೆ ಕೊಟ್ಟು ಸವೆಸಬೇಕು.

ಕೊನೆಗೆ ಒದ್ದೆ ಮಾಡಿದ ವಜ್ರದ ಕಲ್ಲುಗಳು: ಮೊದಲು ಒರಟು, ಆಮೇಲೆ ನಯ. ಅರ ಬಿಟ್ಟ ಸಿಬುರು ಪೂರ್ತಿ ಹೋಗಬೇಕು. ಉಗುರಿನ ಬೆನ್ನನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಬಿಳಿ ಪುಡಿ ಉದುರಿದರೆ ಹರಿತ ಬಂದಿದೆ. ತಕ್ಷಣ ಒರೆಸಿ ಒಣಗಿಸಿ. ಒದ್ದೆಯಾಗಿಯೇ ಚೀಲಕ್ಕೆ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.